ಸುರಿದ ಕೋಟಿಗಳು ತೆರೆಯ ಮೇಲೆ ಏಕೆ ಕಾಣುವುದಿಲ್ಲ?

2023ರಿಂದ ಈಚೆಗೆ ತೆರೆಕಂಡ ಹಾಲಿವುಡ್‌ನ ದುಬಾರಿ ಚಿತ್ರಗಳನ್ನು ನೋಡಿ ಹೊರಬರುವ ಪ್ರೇಕ್ಷಕರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಒಂದೇ: ಇಪ್ಪತ್ತು ಕೋಟಿ ಡಾಲರ್ ಸುರಿದಿದ್ದಾರಂತೆ, ಆ ಹಣವೆಲ್ಲ ಎಲ್ಲಿಗೆ ಹೋಯಿತು? ಇದಕ್ಕೆ ಸಿದ್ಧ ಉತ್ತರಗಳು ಬೇಕಾದಷ್ಟಿವೆ. ಸೂಪರ್‌ಹೀರೊಗಳು ಜನರಿಗೆ ಸಾಕಾಗಿದ್ದಾರೆ ಎನ್ನುವವರಿದ್ದಾರೆ, ಒಟಿಟಿ ಬಂದ ಮೇಲೆ ಚಿತ್ರಮಂದಿರಕ್ಕೆ ಹೋಗುವ ಅಭ್ಯಾಸವೇ ತಪ್ಪಿತು ಎನ್ನುವವರಿದ್ದಾರೆ, ಗ್ರಾಫಿಕ್ಸ್ ಅತಿಯಾಗಿ ಕಥೆ ಸೊರಗಿತು ಎನ್ನುವವರಂತೂ ಎಲ್ಲೆಲ್ಲೂ ಸಿಗುತ್ತಾರೆ. ಮೂರರಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ದೊಡ್ಡ ಚಿತ್ರಗಳನ್ನು ಬಹುಮಟ್ಟಿಗೆ ದೊಡ್ಡ ಪರದೆಯ ಮೇಲೆಯೇ ನೋಡುವ ರೂಢಿಯಿರುವ ನನಗೆ ಇವು ಯಾವುವೂ ಪೂರ್ತಿ ಒಪ್ಪಿಗೆಯಾಗಿಲ್ಲ. ಈ ಚಿತ್ರಗಳಲ್ಲಿ ಹಣದ ದೊಡ್ಡ ಪಾಲು ವ್ಯಯವಾಗುತ್ತಿರುವುದು ದೃಶ್ಯಗಳನ್ನು ಕಟ್ಟುವುದಕ್ಕಲ್ಲ, ತೀರ್ಮಾನಗಳನ್ನು ಮುಂದಕ್ಕೆ ಹಾಕುವುದಕ್ಕೆ ಎಂಬುದು ನನ್ನ ವಾದ. ಏನು ತೆಗೆಯಬೇಕೆಂದು ಮೊದಲೇ ಗೊತ್ತುಮಾಡಿಕೊಂಡವರ ಚಿತ್ರದಲ್ಲಿ ಹಣ ಕಾಣುತ್ತದೆ. ತೆಗೆದಾದ ಮೇಲೆ ನೋಡೋಣ ಎಂದವರ ಚಿತ್ರದಲ್ಲಿ ಅದು ಕರಗಿಹೋಗುತ್ತದೆ.

ಮೊದಲು ಲೆಕ್ಕದ ವಿಚಾರ. ಸುದ್ದಿಯಲ್ಲಿ ಬರುವ ಬಜೆಟ್ಟಿನ ಅಂಕಿ ನಿರ್ಮಾಣದ ವೆಚ್ಚವಷ್ಟೇ. ಜಗತ್ತಿನಾದ್ಯಂತ ಪ್ರಚಾರಕ್ಕೆ ತಗಲುವ ಹಣ ಅದರಲ್ಲಿ ಸೇರಿರುವುದಿಲ್ಲ, ಮತ್ತು ದೊಡ್ಡ ಚಿತ್ರಗಳ ವಿಷಯದಲ್ಲಿ ಅದು ಹತ್ತು ಕೋಟಿ ಡಾಲರ್ ದಾಟುವುದು ಅಪರೂಪವೇನಲ್ಲ. ಟಿಕೆಟ್ಟಿನಿಂದ ಬಂದ ಹಣದಲ್ಲಿ ಸುಮಾರು ಅರ್ಧದಷ್ಟನ್ನು ಚಿತ್ರಮಂದಿರಗಳು ಉಳಿಸಿಕೊಳ್ಳುತ್ತವೆ, ಚೀನಾದಲ್ಲಾದರೆ ವಿದೇಶಿ ಸ್ಟುಡಿಯೊಗೆ ಸಿಗುವುದು ಹೆಚ್ಚುಕಡಿಮೆ ಕಾಲುಪಾಲು ಮಾತ್ರ. ಆದ್ದರಿಂದ ನಿರ್ಮಾಣ ವೆಚ್ಚದ ಎರಡರಿಂದ ಎರಡೂವರೆ ಪಟ್ಟು ಗಳಿಕೆಯಾದರೆ ಮಾತ್ರ ಚಿತ್ರಮಂದಿರದ ಮಟ್ಟಿಗೆ ಹಾಕಿದ ದುಡ್ಡು ವಾಪಸಾಯಿತು ಎಂದು ಉದ್ಯಮದವರು ಅಂದಾಜು ಹಾಕುತ್ತಾರೆ. 2023ರ 'ದಿ ಫ್ಲ್ಯಾಶ್' ಚಿತ್ರಕ್ಕೆ ಸುಮಾರು 20 ಕೋಟಿ ಡಾಲರ್ ಖರ್ಚಾಗಿ 27 ಕೋಟಿಯಷ್ಟು ಗಳಿಕೆಯಾಯಿತು ಎಂದರೆ ಅದು ಲಾಭವಲ್ಲ, ಭಾರೀ ನಷ್ಟ. ಅದೇ ವರ್ಷದ 'ಓಪನ್‌ಹೈಮರ್' ಸುಮಾರು 10 ಕೋಟಿಯಲ್ಲಿ ತಯಾರಾಗಿ 95 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಮೂರು ಗಂಟೆ ಅವಧಿಯ, ಬಹುಪಾಲು ಕೋಣೆಗಳಲ್ಲಿ ಕುಳಿತು ಮಾತಾಡುವ ಮನುಷ್ಯರ ಚಿತ್ರ ಇದು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ತೀರ್ಮಾನ ಮುಂದಕ್ಕೆ ಹೋಗುವುದು ಹೇಗೆ? ಇದರ ಬೇರು ಇರುವುದು ಕ್ಯಾಲೆಂಡರಿನಲ್ಲಿ. ದೊಡ್ಡ ಸ್ಟುಡಿಯೊಗಳು ಬೇಸಿಗೆಯ, ಹಬ್ಬದ ರಜೆಯ ಶುಕ್ರವಾರಗಳನ್ನು ವರ್ಷಗಳಷ್ಟು ಮುಂಚೆಯೇ ಕಾದಿರಿಸುತ್ತವೆ. ಇನ್ನೂ ಹೆಸರಿಡದ, ಕೆಲವೊಮ್ಮೆ ಕಥೆಯೇ ಹುಟ್ಟದ ಚಿತ್ರಕ್ಕೂ ಬಿಡುಗಡೆಯ ದಿನಾಂಕ ಇರುತ್ತದೆ. ದಿನಾಂಕ ಒಮ್ಮೆ ಗೊತ್ತಾದರೆ ಐಮ್ಯಾಕ್ಸ್‌ನ ದೈತ್ಯ ಪರದೆಗಳು, ಆಟಿಕೆಗಳ ಒಪ್ಪಂದಗಳು, ಜಾಹೀರಾತಿನ ಪಾಲುದಾರರು ಎಲ್ಲರೂ ಅದಕ್ಕೆ ಕಟ್ಟುಬೀಳುತ್ತಾರೆ. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಚಿತ್ರೀಕರಣ ಶುರುವಾಗುತ್ತದೆ, ಚಿತ್ರಕಥೆ ಮುಗಿದಿರಲಿ ಬಿಡಲಿ. ಕೊನೆಯ ಯುದ್ಧ ಎಲ್ಲಿ ನಡೆಯುತ್ತದೆ, ಹಗಲೋ ರಾತ್ರಿಯೋ, ಖಳನ ಉಡುಪು ಯಾವುದು ಎಂಬುದು ಇತ್ಯರ್ಥವಾಗದಿದ್ದರೆ ಹಿನ್ನೆಲೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಲು ಅನುವಾಗುವಂತೆ ನಟರನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ, ಎಲ್ಲ ದಿಕ್ಕಿನಿಂದಲೂ ಸಮನಾದ ಬೆಳಕು ಬಿಟ್ಟು, ಹತ್ತಾರು ಕೋನಗಳಿಂದ ಚಿತ್ರೀಕರಿಸಿಕೊಳ್ಳುವುದು ಸುಲಭದ ದಾರಿ. ಆಮೇಲೆ ಪರೀಕ್ಷಾರ್ಥ ಪ್ರದರ್ಶನ ಮಾಡಿ, ಪ್ರೇಕ್ಷಕರ ಅಭಿಪ್ರಾಯ ನೋಡಿ, ರೀಶೂಟ್ ಮಾಡಿ, ಉಳಿದದ್ದನ್ನು ಗ್ರಾಫಿಕ್ಸ್‌ನವರಿಗೆ ಒಪ್ಪಿಸಿದರಾಯಿತು. ರೀಶೂಟ್ ಎಂಬುದೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ನಿರ್ದೇಶಕರೂ ಮಾಡುತ್ತಾರೆ. ಬೆಳಕಿನ ದಿಕ್ಕನ್ನು ಮೊದಲೇ ನಿರ್ಧರಿಸದ ಚಿತ್ರಿಕೆಗೆ ಆಮೇಲೆ ಯಾವ ಕಂಪ್ಯೂಟರಿನಿಂದಲೂ ಪೂರ್ತಿ ಜೀವ ತುಂಬಲಾಗುವುದಿಲ್ಲ ಎಂಬುದು ನನ್ನ ಮಾತು. ಪ್ರೇಕ್ಷಕನಿಗೆ ತಾಂತ್ರಿಕ ಪದಗಳು ಗೊತ್ತಿರಬೇಕಾಗಿಲ್ಲ. ಮುಖದ ಮೇಲೆ ಬಿದ್ದ ಬೆಳಕು ಒಂದು ಕಡೆಯಿಂದ, ಹಿಂದಿನ ಆಕಾಶದ ಬೆಳಕು ಇನ್ನೊಂದು ಕಡೆಯಿಂದ ಬಂದರೆ, ಓಡುವ ಪಾತ್ರದ ಪಾದ ನೆಲವನ್ನು ಒತ್ತದಿದ್ದರೆ, ಏನೋ ಸರಿಯಿಲ್ಲವೆಂದು ಕಣ್ಣಿಗೆ ತಾನಾಗಿ ತಿಳಿಯುತ್ತದೆ.

ಈ ಅನಿಶ್ಚಿತತೆಯ ಹೊರೆ ಹೊರುವವರು ಕಂಪ್ಯೂಟರಿನಲ್ಲಿ ದೃಶ್ಯಗಳನ್ನು ರೂಪಿಸುವ ವಿಎಫ್‌ಎಕ್ಸ್ ಕಂಪನಿಗಳು, ಅವುಗಳೊಳಗಿನ ಕಲಾವಿದರು. ಉದ್ಯಮದ ಪದ್ಧತಿಯಂತೆ ಇಂತಿಷ್ಟು ಶಾಟ್‌ಗಳಿಗೆ ಇಂತಿಷ್ಟು ಎಂದು ಮುಂಚಿತವಾಗಿ ದರ ಕೂಗಿ ಕೆಲಸ ಹಿಡಿಯಬೇಕು. ಕಡಿಮೆ ದರ ಕೂಗಿದವನಿಗೆ ಗುತ್ತಿಗೆ. ಸ್ಟುಡಿಯೊ ಮನಸ್ಸು ಬದಲಿಸಿ ಒಂದೇ ಶಾಟನ್ನು ಹತ್ತು ಬಗೆಯಲ್ಲಿ ಮಾಡಿಸಿದರೂ ಆ ಹೆಚ್ಚುವರಿ ದುಡಿಮೆಗೆ ತಕ್ಕ ಹಣ ಸಿಗುವುದು ಕಷ್ಟ. 2013ರ ಫೆಬ್ರವರಿಯಲ್ಲಿ 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ರೂಪಿಸಿದ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿದ ಎರಡೇ ವಾರಗಳಲ್ಲಿ ಆ ಚಿತ್ರಕ್ಕೆ ವಿಎಫ್‌ಎಕ್ಸ್ ವಿಭಾಗದ ಆಸ್ಕರ್ ಬಂತು. ಸಭಾಂಗಣದ ಹೊರಗೆ ಕಲಾವಿದರು ಪ್ರತಿಭಟನೆ ನಡೆಸುತ್ತಿದ್ದರು. ಒಳಗೆ ಪ್ರಶಸ್ತಿ ಪಡೆದ ಮೇಲ್ವಿಚಾರಕ ಬಿಲ್ ವೆಸ್ಟೆನ್‌ಹಾಫರ್ ಕಂಪನಿಯ ಸ್ಥಿತಿಯ ಬಗ್ಗೆ ಬಾಯಿ ತೆರೆಯುತ್ತಿದ್ದಂತೆ, ಭಾಷಣ ಮುಗಿಸಿ ಎಂದು ಸೂಚಿಸಲು ನುಡಿಸುತ್ತಿದ್ದ 'ಜಾಸ್' ಚಿತ್ರದ ಸಂಗೀತ ಜೋರಾಗಿ, ಅವರ ಮೈಕ್ ಬಂದಾಯಿತು. ಹತ್ತು ವರ್ಷ ಕಳೆದ ಮೇಲೆ, 2023ರ ಸೆಪ್ಟೆಂಬರಿನಲ್ಲಿ, ಸೂಪರ್‌ಹೀರೊ ಚಿತ್ರಗಳ ಮಾರ್ವೆಲ್ ಸ್ಟುಡಿಯೊಸ್‌ನ ಒಳಗಿನ ವಿಎಫ್‌ಎಕ್ಸ್ ಸಿಬ್ಬಂದಿ ಒಮ್ಮತದಿಂದ ಮತ ಹಾಕಿ ಕಾರ್ಮಿಕ ಸಂಘ ಕಟ್ಟಿಕೊಂಡರು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದುಬಿದ್ದಾಗ ಅದರ ಭಾಗವಾಗಿದ್ದ ಎಂಪಿಸಿ, ದಿ ಮಿಲ್‌ನಂಥ ಹೆಸರಾಂತ ಸಂಸ್ಥೆಗಳ ಕೆಲಸಗಾರರು, ಭಾರತದವರೂ ಸೇರಿದಂತೆ, ಏಕಾಏಕಿ ಬೀದಿಗೆ ಬಿದ್ದರು. ಅದಕ್ಕೆ ಎರಡೇ ತಿಂಗಳ ಮುಂಚೆ ಅದೇ ಎಂಪಿಸಿ ರೂಪಿಸಿದ ಸಿಂಹಗಳು 'ಮುಫಾಸ'ದಲ್ಲಿ ಪರದೆ ತುಂಬಿಕೊಂಡಿದ್ದವು. ಗ್ರಾಫಿಕ್ಸ್ ಕಳಪೆಯಾಗಿದೆ ಎಂದು ನಾವು ನಗುವಾಗ ಆ ನಗು ತಪ್ಪು ವಿಳಾಸಕ್ಕೆ ಹೋಗುತ್ತಿರುತ್ತದೆ.

'ದಿ ಫ್ಲ್ಯಾಶ್' ಚಿತ್ರದ ಆರಂಭದ ಒಂದು ದೃಶ್ಯವನ್ನೇ ತೆಗೆದುಕೊಳ್ಳಿ. ಆಸ್ಪತ್ರೆಯ ಕಟ್ಟಡ ಕುಸಿಯುತ್ತದೆ, ನವಜಾತ ಶಿಶುಗಳು ಗಾಳಿಯಲ್ಲಿ ಬೀಳುತ್ತಿರುತ್ತವೆ, ಕಾಲ ನಿಧಾನವಾದಂತೆ ನಾಯಕ ಅವುಗಳನ್ನು ಒಂದೊಂದಾಗಿ ಕಾಪಾಡುತ್ತಾನೆ. ಒಂದು ಕೂಸನ್ನು ಮೈಕ್ರೊವೇವ್ ಒಲೆಯೊಳಗೂ ಇಟ್ಟು ರಕ್ಷಿಸುತ್ತಾನೆ. ಬರಹದಲ್ಲಿ ಇದು ಒಳ್ಳೆಯ ತಮಾಷೆ. ಪರದೆಯ ಮೇಲೆ ಶಿಶುಗಳ ಮುಖ ರಬ್ಬರಿನಂತಿದೆ, ಕಣ್ಣುಗಳಿಗೆ ನೋಟವಿಲ್ಲ, ಚರ್ಮದೊಳಗೆ ಬೆಳಕು ಇಳಿಯುವುದಿಲ್ಲ. ಜನ ಆಡಿಕೊಂಡಾಗ ನಿರ್ದೇಶಕ ಆ್ಯಂಡಿ ಮುಸ್ಕಿಯೆಟ್ಟಿ ಕೊಟ್ಟ ವಿವರಣೆಯೆಂದರೆ, ಅತಿವೇಗದಲ್ಲಿರುವ ನಾಯಕನ ಕಣ್ಣಿನಿಂದ ನಾವು ನೋಡುತ್ತಿರುವುದರಿಂದ ಲೋಕ ಬೇಕೆಂದೇ ವಿಕಾರವಾಗಿ ಕಾಣುತ್ತದೆ ಎಂಬುದು. ಆ ಉದ್ದೇಶ ನಿಜವೇ ಇರಬಹುದು. ಆದರೆ ಬೇಕೆಂದೇ ಮಾಡಿದ ವಿಕಾರಕ್ಕೂ ಸಮಯ ಸಾಲದೆ ಆದ ವಿಕಾರಕ್ಕೂ ಪ್ರೇಕ್ಷಕನಿಗೆ ವ್ಯತ್ಯಾಸ ಕಾಣದಿದ್ದರೆ ಅದು ಪ್ರೇಕ್ಷಕನ ದೋಷವಾಗುವುದು ಹೇಗೆ?

ಇದರ ಪಕ್ಕದಲ್ಲಿ ಅದೇ ವರ್ಷದ ಜಪಾನೀ ಚಿತ್ರ 'ಗಾಡ್ಜಿಲ್ಲಾ ಮೈನಸ್ ಒನ್' ಅನ್ನು ಇಟ್ಟು ನೋಡಬೇಕು. ಅದರ ವೆಚ್ಚ ಒಂದೂವರೆ ಕೋಟಿ ಡಾಲರ್‌ಗಿಂತ ಕಡಿಮೆ. ಕೇವಲ 35 ಮಂದಿ ಕಲಾವಿದರ ತಂಡ 610 ವಿಎಫ್‌ಎಕ್ಸ್ ಶಾಟ್‌ಗಳನ್ನು ರೂಪಿಸಿತು. 2024ರ ಮಾರ್ಚಿನಲ್ಲಿ ಅದು ಹಾಲಿವುಡ್‌ನ ಘಟಾನುಘಟಿಗಳನ್ನು ಹಿಂದಿಕ್ಕಿ ವಿಎಫ್‌ಎಕ್ಸ್ ಆಸ್ಕರ್ ಗೆದ್ದಿತು. ನಿರ್ದೇಶಕ ತಕಾಶಿ ಯಮಝಾಕಿ ತಾವೇ ಚಿತ್ರದ ವಿಎಫ್‌ಎಕ್ಸ್ ಮೇಲ್ವಿಚಾರಕರೂ ಆಗಿದ್ದರು. ಕಲಾವಿದ ಒಂದು ಶಾಟ್ ತೋರಿಸಿದರೆ ಹೌದು ಅಥವಾ ಬೇಡ ಎಂಬ ಉತ್ತರ ಅಲ್ಲೇ, ಅದೇ ಕಚೇರಿಯೊಳಗೆ ಸಿಗುತ್ತಿತ್ತು. ನಡುವೆ ಏಳು ಸಮಿತಿಗಳಿರಲಿಲ್ಲ. ಮರದ ಪುಟ್ಟ ದೋಣಿಯೊಂದನ್ನು ಗಾಡ್ಜಿಲ್ಲಾ ಎಂಬ ದೈತ್ಯ ಪ್ರಾಣಿ ಸಮುದ್ರದಲ್ಲಿ ಅಟ್ಟಿಸಿಕೊಂಡು ಬರುವ ದೃಶ್ಯದಲ್ಲಿ ದೋಣಿ ನಿಜವಾಗಿಯೂ ಕಡಲ ಮೇಲಿದೆ, ನಟರು ಅಲೆಗೆ ತಕ್ಕಂತೆ ತೂಗಾಡುತ್ತಾರೆ, ಆದ್ದರಿಂದ ಹಿಂದಿನ ತಲೆಯೊಂದು ಮಾತ್ರ ಕಂಪ್ಯೂಟರಿನದ್ದು ಎಂಬುದನ್ನು ಮನಸ್ಸು ಮರೆತೇಬಿಡುತ್ತದೆ. ಟೋಕಿಯೊದ ಗಿಂಜಾ ಬೀದಿ ನಾಶವಾದ ಮೇಲೆ ನಾಯಕ ಒಂಟಿಯಾಗಿ ನಿಂತು ಕೂಗುತ್ತಾನೆ, ಮೇಲಿನಿಂದ ಕಪ್ಪು ಮಳೆ ಸುರಿಯುತ್ತದೆ. ಹಿರೋಶಿಮಾದ ಇತಿಹಾಸ ಬಲ್ಲವರಿಗೆ ಆ ಮಳೆಯ ಬಣ್ಣ ಏನು ಹೇಳುತ್ತಿದೆಯೆಂದು ವಿವರಿಸಬೇಕಿಲ್ಲ. ಒಂದು ಮಾತು ನ್ಯಾಯಕ್ಕಾಗಿ ಸೇರಿಸಬೇಕು: ಜಪಾನಿನ ಚಿತ್ರೋದ್ಯಮದ ಸಂಬಳ ಹಾಲಿವುಡ್‌ಗಿಂತ ಬಹಳ ಕಡಿಮೆ, ಹಾಗಾಗಿ ಎರಡು ಬಜೆಟ್ಟುಗಳನ್ನು ನೇರವಾಗಿ ತೂಗಿ ನೋಡುವುದು ಸಲ್ಲದು. ಅಗ್ಗವಾಗಿ ಮಾಡಿದ್ದಾರೆ ಎಂದು ಹೊಗಳುವ ಭರದಲ್ಲಿ ಆ ಅಗ್ಗಕ್ಕೆ ಬೆಲೆ ತೆತ್ತವರು ಯಾರೆಂದು ಕೇಳದಿರುವುದೂ ಸರಿಯಲ್ಲ.

ಗ್ರಾಫಿಕ್ಸ್ ಹೆಚ್ಚಾದುದೇ ಕಾಯಿಲೆ ಎಂಬ ವಾದವನ್ನು ನಾನು ಒಪ್ಪದಿರುವುದಕ್ಕೆ ಇನ್ನೊಂದು ಕಾರಣವಿದೆ. ಎಲ್ಲವೂ ಅಸಲಿ ಎಂದು ಮೆಚ್ಚುಗೆ ಪಡೆದ 2022ರ 'ಟಾಪ್ ಗನ್: ಮೇವರಿಕ್' ಚಿತ್ರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಿಎಫ್‌ಎಕ್ಸ್ ಶಾಟ್‌ಗಳಿವೆ, ಆ ವಿಭಾಗದಲ್ಲಿ ಅದು ಆಸ್ಕರ್‌ಗೆ ನಾಮನಿರ್ದೇಶನವೂ ಆಗಿತ್ತು. ನಟರು ನಿಜವಾದ ವಿಮಾನದೊಳಗೆ ಕುಳಿತು ಹಾರಿದ್ದರಿಂದ ಮುಖದ ಮೇಲಿನ ಒತ್ತಡ, ಗಾಜಿನ ಮೇಲೆ ಜಾರುವ ಬಿಸಿಲು ಅಸಲಿಯಾಗಿ ಬಂದವು. ಅದರ ಮೇಲೆ ಕಂಪ್ಯೂಟರಿನ ಕೆಲಸ ನಿಂತಿತು. 'ಡ್ಯೂನ್' ಚಿತ್ರದಲ್ಲಿ ನಿರ್ದೇಶಕ ಡೆನಿ ವಿಲ್ನೊವ್ ಅವರ ತಂಡ ನೀಲಿ, ಹಸಿರು ಪರದೆಗಳ ಬದಲು ಮರಳಿನ ಬಣ್ಣದ ಪರದೆಗಳನ್ನು ಕಟ್ಟಿತು. ಹೀಗೆ ಮಾಡಿದರೆ ನಟರ ಮುಖದ ಮೇಲೆ ಪ್ರತಿಫಲಿಸುವುದು ಮರುಭೂಮಿಯದೇ ಬಣ್ಣ. ಆದರೆ ಹಿಂದೆ ಮರುಭೂಮಿಯೇ ಬರುತ್ತದೆ ಎಂದು ಆ ದಿನವೇ ಗಟ್ಟಿಮಾಡಿಕೊಳ್ಳಬೇಕು, ಆಮೇಲೆ ಕಾಡು ಮಾಡೋಣ, ಕಡಲು ಮಾಡೋಣ ಎನ್ನುವಂತಿಲ್ಲ. ನಾನು ಹೇಳುವ ತೀರ್ಮಾನ ಇಂಥದ್ದು. 2024ರಲ್ಲಿ ಬಂದ 'ಡ್ಯೂನ್'ನ ಎರಡನೇ ಭಾಗ ಸುಮಾರು 19 ಕೋಟಿ ಡಾಲರ್‌ನಲ್ಲಿ ತಯಾರಾಗಿ 70 ಕೋಟಿಗೂ ಹೆಚ್ಚು ಗಳಿಸಿತು, ಮತ್ತು ಆ 19 ಕೋಟಿಯ ಪ್ರತಿ ಡಾಲರೂ ಪರದೆಯ ಮೇಲೆ ಕಾಣುವಂತಿದೆ. ಕಥೆಯ ಭಾವದಲ್ಲಿ ಅದು ನನಗೆ ಸ್ವಲ್ಪ ತಣ್ಣಗೆನಿಸಿತು ಎಂಬುದು ಬೇರೆ ಮಾತು.

ಹಾಗೆಂದು ಶಿಸ್ತಿಗೆ ಗಳಿಕೆ ಕಟ್ಟಿಟ್ಟ ಬುತ್ತಿಯೇನೂ ಅಲ್ಲ. 2023ರ 'ದಿ ಕ್ರಿಯೇಟರ್' ಚಿತ್ರವನ್ನು ಗರೆತ್ ಎಡ್ವರ್ಡ್ಸ್ ಸುಮಾರು 8 ಕೋಟಿ ಡಾಲರ್‌ನಲ್ಲಿ, ಸಾಮಾನ್ಯ ಹವ್ಯಾಸಿಯೂ ಕೊಳ್ಳಬಹುದಾದಷ್ಟು ಸಣ್ಣ ಕ್ಯಾಮೆರಾ ಹಿಡಿದು, ಹಲವು ದೇಶಗಳ ನಿಜವಾದ ಊರು, ಗದ್ದೆ, ಬೆಟ್ಟಗಳಲ್ಲಿ ಚಿತ್ರೀಕರಿಸಿದರು. ಜಾಗ, ಬೆಳಕು ಚಿತ್ರೀಕರಣದ ದಿನವೇ ಗಟ್ಟಿಯಾಗಿದ್ದವು, ಸಂಕಲನ ಬಹುಪಾಲು ಮುಗಿದ ಮೇಲಷ್ಟೇ ಯಾವ ಶಾಟಿಗೆ ಯಾವ ಯಂತ್ರ, ಯಾವ ಕಟ್ಟಡ ಸೇರಿಸಬೇಕೆಂದು ವಿನ್ಯಾಸ ಮಾಡಲಾಯಿತು. ಹಾಗಾಗಿ ಕತ್ತರಿಗೆ ಹೋಗುವ ಶಾಟಿಗೆ ಹಣ ಪೋಲಾಗಲಿಲ್ಲ. ನೋಡಲು ಇದು ಎರಡು ಪಟ್ಟು ದುಬಾರಿ ಚಿತ್ರಗಳಿಗಿಂತ ಚೆಂದ. ಆದರೆ ಕಥೆ ಹಳೆಯದು, ಪಾತ್ರಗಳು ತೆಳು, ಗಳಿಕೆ 10 ಕೋಟಿ ಡಾಲರ್ ದಾಟಿ ಅಲ್ಲಿಗೇ ನಿಂತಿತು. 2024ರ 'ಫ್ಯೂರಿಯೊಸಾ'ದ ಸಂಗತಿ ಇನ್ನೂ ಬೇಸರದ್ದು. ನಿರ್ದೇಶಕ ಜಾರ್ಜ್ ಮಿಲ್ಲರ್‌ಗೆ ಪ್ರತಿ ಚೌಕಟ್ಟಿನಲ್ಲೂ ಏನು ಬೇಕೆಂದು ಗೊತ್ತಿತ್ತು. ಓಡುವ ಟ್ಯಾಂಕರಿನ ಮೇಲೆ, ಕೆಳಗೆ, ಅಕ್ಕಪಕ್ಕ ನಡೆಯುವ ಹೋರಾಟದಲ್ಲಿ ಯಾರು ಎಲ್ಲಿದ್ದಾರೆಂಬ ಗೊಂದಲ ಒಂದು ಕ್ಷಣವೂ ಆಗುವುದಿಲ್ಲ. ಸುಮಾರು 17 ಕೋಟಿ ಡಾಲರ್ ಖರ್ಚಿಗೆ ಗಳಿಕೆಯೂ ಹೆಚ್ಚುಕಡಿಮೆ ಅಷ್ಟೇ. ಗಳಿಕೆಯ ಪಟ್ಟಿ ನೋಡಿ ಚಿತ್ರದ ಗುಣ ಅಳೆಯುವವರು ಈ ಎರಡನ್ನೂ ಸೋತ ಚಿತ್ರಗಳ ಸಾಲಿಗೆ ಸೇರಿಸುತ್ತಾರೆ. ನಾನು ಸೇರಿಸಲಾರೆ.

ದೊಡ್ಡ ಚಿತ್ರಗಳು ಏನೂ ಕಾಣದಷ್ಟು ಕತ್ತಲೆಯಾಗಿರುತ್ತವೆ ಎಂಬ ದೂರನ್ನೂ ಇಲ್ಲೇ ಮುಗಿಸುತ್ತೇನೆ. ದೊಡ್ಡ ಚಿತ್ರಗಳ ಕೊನೆಯ ಹೋರಾಟಗಳು ಮಬ್ಬು ಆಕಾಶದ ಕೆಳಗೆ, ಬೂದಿಬಣ್ಣದ ಧೂಳಿನಲ್ಲಿ ನಡೆಯುವುದು ಪೂರ್ತಿ ಕಲಾತ್ಮಕ ಆಯ್ಕೆಯಲ್ಲ. ಅವಸರದ ಗ್ರಾಫಿಕ್ಸ್‌ನ ಅಂಚುಗಳನ್ನು ಮುಚ್ಚಲು ಕತ್ತಲೆ ಅನುಕೂಲ. ಅದರ ಮೇಲೆ ಪ್ರೊಜೆಕ್ಟರಿನ ಸಮಸ್ಯೆ. ಸಾಮಾನ್ಯ ಪ್ರದರ್ಶನಕ್ಕೆ ಪರದೆಯ ಬಿಳಿಬಣ್ಣದ ಪ್ರಖರತೆ 48 ನಿಟ್ (ಪ್ರಖರತೆಯನ್ನು ಅಳೆಯುವ ಮಾನ) ಇರಬೇಕೆಂಬುದು ಅಂತರರಾಷ್ಟ್ರೀಯ ಮಾನಕ. ತ್ರೀಡಿ ಕನ್ನಡಕ ಹಾಕಿದರೆ ಕಣ್ಣಿಗೆ ತಲುಪುವುದು ಅದರ ಒಂದು ಭಾಗ ಮಾತ್ರ. ಹಳೆಯ ದೀಪದ ಪ್ರೊಜೆಕ್ಟರಿನಲ್ಲಿ ತ್ರೀಡಿ ಆವೃತ್ತಿ ನೋಡಿ ಛಾಯಾಗ್ರಾಹಕನನ್ನು ಬೈಯುವ ಮೊದಲು ಇದನ್ನು ಗಮನಿಸಬೇಕು.

ಪ್ರಚಾರವೂ ಚಿತ್ರವನ್ನು ತಿಂದುಹಾಕುತ್ತದೆ. 'ಮಿಷನ್: ಇಂಪಾಸಿಬಲ್' ಸರಣಿಯ 2023ರ ಚಿತ್ರದಲ್ಲಿ ಟಾಮ್ ಕ್ರೂಸ್ ನಾರ್ವೆಯ ಬೆಟ್ಟದ ತುದಿಯಿಂದ ಬೈಕಿನ ಸಮೇತ ನಿಜವಾಗಿಯೂ ಹಾರಿ, ಬೈಕ್ ಬಿಟ್ಟು ಪ್ಯಾರಾಚೂಟಿನಲ್ಲಿ ಇಳಿಯುತ್ತಾರೆ. ಅದರ ತಯಾರಿಯಿಂದ ಹಿಡಿದು ಹಾರಾಟದವರೆಗಿನ ವಿಡಿಯೊವನ್ನು ಸ್ಟುಡಿಯೊ 2022ರ ಡಿಸೆಂಬರಿನಲ್ಲೇ ಬಿಡುಗಡೆ ಮಾಡಿತು, ಚಿತ್ರ ಬಂದದ್ದು ಮುಂದಿನ ಜುಲೈನಲ್ಲಿ. ಚಿತ್ರಮಂದಿರದಲ್ಲಿ ಆ ಕ್ಷಣ ಬಂದಾಗ ಪಾತ್ರ ಬದುಕುತ್ತದೋ ಇಲ್ಲವೋ ಎಂಬ ಆತಂಕದ ಜಾಗದಲ್ಲಿ, ಓಹೋ, ಅದು ಇದೇ ತಾನೆ ಎಂಬ ಗುರುತು ಮಾತ್ರ ಉಳಿದಿತ್ತು. ಜಗತ್ತಿನ ಅತಿ ದುಬಾರಿ ನಟನೊಬ್ಬ ಪ್ರಾಣ ಪಣಕ್ಕಿಟ್ಟು ಮಾಡಿದ ಸಾಹಸವನ್ನು ಹೀಗೆ ಮುಂಗಡವಾಗಿ ಮಾರಿಬಿಡುವುದಕ್ಕಿಂತ ದೊಡ್ಡ ಪೋಲು ಯಾವುದಿದೆ? ಇದಕ್ಕೆ ವಿರುದ್ಧವಾಗಿ, 'ಓಪನ್‌ಹೈಮರ್'ನಲ್ಲಿ ಅಣುಸ್ಫೋಟ ನಡೆಯುತ್ತದೆಂದು ಎಲ್ಲರಿಗೂ ಗೊತ್ತಿದ್ದರೂ, ಬೆಳಕು ಮೊದಲು ಬಂದು ಸದ್ದು ಬಹಳ ಹೊತ್ತು ಬಾರದೆ, ಉಸಿರಾಟ ಮಾತ್ರ ಕೇಳಿಸುವಂತೆ ಕ್ರಿಸ್ಟೊಫರ್ ನೋಲನ್ ಮಾಡಿದ ಏರ್ಪಾಟು ಯಾವ ಟ್ರೇಲರಿನಲ್ಲೂ ಸೋರಿಹೋಗುವಂಥದ್ದಾಗಿರಲಿಲ್ಲ. ಆ ಮೌನಕ್ಕೆ ತಗಲಿದ ವೆಚ್ಚ ಎಷ್ಟಿದ್ದೀತು!

ಇಷ್ಟೆಲ್ಲ ಹೇಳಿ ಪ್ರೇಕ್ಷಕರನ್ನು ಬಿಟ್ಟುಬಿಟ್ಟರೆ ವಿಶ್ಲೇಷಣೆ ಅರ್ಧವಾಗುತ್ತದೆ. ಹೊಸ ಕಥೆ ಬೇಕೆಂದು ನಾವು ಬೇಡುತ್ತೇವೆ, ಟಿಕೆಟ್ ಮಾತ್ರ ಹಳೆಯ ಹೆಸರಿಗೆ ಕೊಳ್ಳುತ್ತೇವೆ. 2024ರಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಗಳಿಸಿದ ಚಿತ್ರ 'ಇನ್‌ಸೈಡ್ ಔಟ್ 2'. ಮೊದಲು ಒಟಿಟಿ ಸರಣಿಯಾಗಿ ರೂಪುಗೊಳ್ಳುತ್ತಿದ್ದುದನ್ನು ನಡುದಾರಿಯಲ್ಲಿ ಸಿನಿಮಾ ಆಗಿ ಬದಲಿಸಿ ಬಿಡುಗಡೆ ಮಾಡಿದ 'ಮೊವಾನ 2' ಕೂಡ ನೂರು ಕೋಟಿ ಡಾಲರ್ ದಾಟಿತು. ಅದರ ನಡಿಗೆಯಲ್ಲಿ ಕಂತುಗಳ ಜೋಡಣೆ ನನಗೆ ಎದ್ದು ಕಂಡರೂ ಗಲ್ಲಾಪೆಟ್ಟಿಗೆಗೆ ಕಾಣಲಿಲ್ಲ. ಇದನ್ನು ನೋಡಿದ ಸ್ಟುಡಿಯೊ ಬೇರೆ ಯಾವ ಪಾಠ ಕಲಿಯಬೇಕು? ಆದರೂ ಪ್ರೇಕ್ಷಕರ ನಿಜವಾದ ತೀರ್ಪು ಹೊರಬೀಳುವುದು ಎರಡನೇ ವಾರಾಂತ್ಯದಲ್ಲಿ. ಮೊದಲ ವಾರ ಹೆಸರಿಗೆ, ಪ್ರಚಾರಕ್ಕೆ ಜನ ಬರುತ್ತಾರೆ. ಎರಡನೆಯ ವಾರ ಬರುವವರು ನೋಡಿದವರ ಮಾತು ಕೇಳಿ ಬಂದವರು. 2024ರ 'ಜೋಕರ್: ಫೊಲಿ ಆ ದೂ' ಚಿತ್ರದ ಅಮೆರಿಕದ ಗಳಿಕೆ ಎರಡನೇ ವಾರಾಂತ್ಯದಲ್ಲಿ ಶೇ 81ರಷ್ಟು ಕುಸಿಯಿತು. 2025ರ ಏಪ್ರಿಲ್‌ನಲ್ಲಿ ಬಂದ ರಯಾನ್ ಕೂಗ್ಲರ್ ಅವರ 'ಸಿನ್ನರ್ಸ್', ಯಾವ ಸರಣಿಗೂ ಸೇರದ ಸ್ವತಂತ್ರ ಕಥೆಯಾಗಿದ್ದೂ, ಎರಡನೇ ವಾರಾಂತ್ಯದಲ್ಲಿ ಶೇ 10ರಷ್ಟೂ ಇಳಿಯಲಿಲ್ಲ. ಜನ ಸೂಪರ್‌ಹೀರೊಗಳಿಂದ ದಣಿದಿದ್ದಾರೋ ಇಲ್ಲವೋ, ದೊಡ್ಡ ಪರದೆಯಿಂದಂತೂ ದಣಿದಿಲ್ಲ.

ಒಟಿಟಿಯ ಪಾತ್ರ ನಾನು ಭಾವಿಸುವಂತೆ ಚಿತ್ರಮಂದಿರದ ಅಭ್ಯಾಸವನ್ನೇ ತಪ್ಪಿಸಿತು ಎನ್ನುವುದಕ್ಕಿಂತ ಸೂಕ್ಷ್ಮವಾದದ್ದು. ಕೋವಿಡ್‌ಗೆ ಮುಂಚೆ ಚಿತ್ರಮಂದಿರಕ್ಕೂ ಮನೆಯ ಪರದೆಗೂ ನಡುವೆ ಸುಮಾರು ಮೂರು ತಿಂಗಳ ಅಂತರವಿರುತ್ತಿತ್ತು. 2020ರ ಜುಲೈನಲ್ಲಿ ಯೂನಿವರ್ಸಲ್ ಸಂಸ್ಥೆ ಎಎಂಸಿ ಚಿತ್ರಮಂದಿರ ಜಾಲದೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಅದನ್ನು 17 ದಿನಗಳಿಗೆ ಇಳಿಸಲು ದಾರಿಯಾಯಿತು, 2021ರಲ್ಲಿ ವಾರ್ನರ್ ಬ್ರದರ್ಸ್ ಅಮೆರಿಕದಲ್ಲಿ ತನ್ನ ಚಿತ್ರಗಳನ್ನು ಬಿಡುಗಡೆಯ ದಿನವೇ ಒಟಿಟಿಗೂ ಕೊಟ್ಟಿತು. ಈಗ ನೋಡುಗರು ಚಿತ್ರಗಳನ್ನು ಮನಸ್ಸಿನಲ್ಲೇ ಎರಡು ರಾಶಿ ಮಾಡಿಕೊಂಡಿದ್ದಾರೆ: ಚಿತ್ರಮಂದಿರದಲ್ಲೇ ನೋಡಬೇಕಾದದ್ದು, ಮನೆಗೆ ಬಂದಾಗ ನೋಡಿದರಾಯಿತು ಎನ್ನುವಂಥದ್ದು. ಬಜೆಟ್ ದೊಡ್ಡದಾದ ಮಾತ್ರಕ್ಕೆ ಚಿತ್ರ ಮೊದಲ ರಾಶಿಗೆ ಸೇರುವ ಕಾಲ ಹೋಯಿತು.

ಸ್ಟುಡಿಯೊಗಳಿಗೆ ಇದು ಅರ್ಥವಾಗಿಲ್ಲವೆಂದೇನಲ್ಲ. ಮಾರ್ವೆಲ್ ಇನ್ನು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಚಿತ್ರ ಮಾತ್ರ ಕೊಡುತ್ತದೆ ಎಂದು ಅದರ ಒಡೆತನದ ಡಿಸ್ನಿ ಸಂಸ್ಥೆಗೆ ಆಗ ಮುಖ್ಯಸ್ಥರಾಗಿದ್ದ ಬಾಬ್ ಐಗರ್ 2024ರ ಮೇ ತಿಂಗಳಲ್ಲಿ ಹೇಳಿದರು. ಆದರೆ 2025ರಲ್ಲಿ ಬಂದ ಮಾರ್ವೆಲ್‌ನ ಮೂರು ಚಿತ್ರಗಳು ಒಟ್ಟುಗೂಡಿ ಗಳಿಸಿದ್ದು 2024ರ 'ಡೆಡ್‌ಪೂಲ್ ಆ್ಯಂಡ್ ವೊಲ್ವರಿನ್' ಒಂದರ ಗಳಿಕೆಗಿಂತ ತುಸು ಕಡಿಮೆ, ಅವುಗಳಲ್ಲಿ 'ಥಂಡರ್‌ಬೋಲ್ಟ್ಸ್' ನಿಜಕ್ಕೂ ಒಳ್ಳೆಯ ಚಿತ್ರವಾಗಿದ್ದರೂ. ಸಂಖ್ಯೆ ತಗ್ಗಿಸುವುದು ಒಂದು ಹೆಜ್ಜೆ, ಆದರೆ ತಗ್ಗಿಸಿದ ಮೇಲೆ ಉಳಿದ ಸಮಯ ಯಾರ ಕೈಗೆ ಹೋಗುತ್ತದೆ ಎಂಬುದು ಮುಖ್ಯ. 2026ರ ಮೇ 1ಕ್ಕೆ ಗೊತ್ತಾಗಿದ್ದ 'ಅವೆಂಜರ್ಸ್: ಡೂಮ್ಸ್‌ಡೇ' ಚಿತ್ರದ ದಿನಾಂಕವನ್ನು 2025ರ ಮೇ ತಿಂಗಳಲ್ಲಿ 2026ರ ಡಿಸೆಂಬರ್ 18ಕ್ಕೆ ಸರಿಸಲಾಯಿತು. ಹೀಗೆ ಸಿಕ್ಕ ಏಳೂವರೆ ತಿಂಗಳು ಬರಹಗಾರರಿಗೆ ಹಾಗೂ ಶಾಟ್ ರೂಪಿಸುವವರಿಗೆ ಸಿಕ್ಕಿದ್ದರೆ ಅದು ಪರದೆಯ ಮೇಲೆ ಗೊತ್ತಾಗುತ್ತದೆ. ಮತ್ತೊಮ್ಮೆ ಮನಸ್ಸು ಬದಲಿಸಲು ಸಿಕ್ಕಿದ್ದರೆ ಅದೂ ಗೊತ್ತಾಗುತ್ತದೆ, ಎರಡನೇ ವಾರಾಂತ್ಯದೊಳಗೆ.